ಕೊಡಗಿನ ತೋಟದ ಮನೆಯಲ್ಲಿ ಸಾವಯವ ವೈನ್: ಮಣ್ಣಿನಿಂದ ಬಾಟಲಿಯವರೆಗೆ

ಕೊಡಗಿನ ಅಡುಗೆಮನೆಗಳಿಗೆ ವೈನ್ ಹೊಸದೇನಲ್ಲ. ದ್ರಾಕ್ಷಿ, ಶರಬತ್ ಹಣ್ಣು, ನೇರಳೆ, ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆ, ಗಾಂಧಾರಿ ಮೆಣಸು ಎಲ್ಲವೂ ಭರಣಿ ಕಂಡಿವೆ. ಮಾಡುವ ರೀತಿಯೂ ಹೆಚ್ಚುಕಡಿಮೆ ಒಂದೇ. ಹಣ್ಣಿನಷ್ಟೇ ಸಕ್ಕರೆ, ಒಂದು ಹಿಡಿ ಗೋಧಿ, ಸ್ವಲ್ಪ ಯೀಸ್ಟ್, 21 ದಿನ. ನಮ್ಮ ಅವ್ವನೂ ಹೀಗೇ ಮಾಡುತ್ತಿದ್ದರು.

ಆದರೆ ಆ ಹಣ್ಣು ಬಂದದ್ದು ಸಂತೆಯಿಂದ. ಅದಕ್ಕೆ ಏನೇನು ಸಿಂಪಡಿಸಿದ್ದರೋ ನಮಗೆ ಗೊತ್ತಿರಲಿಲ್ಲ. ಚೆನ್ನಾಗಿ ತೊಳೆದರೆ ಸಾಕು ಅಂದುಕೊಂಡಿದ್ದೆವು. ಸಾವಯವ ವೈನ್ ಮಾಡಲು ಹೊರಟ ಮೇಲೆ ನನಗೆ ಅರ್ಥವಾದದ್ದು ಇದು: ಭರಣಿಗೆ ಏನೂ ಹಾಕದೆ ವೈನ್ ಮಾಡಬೇಕೆಂದರೆ, ಕೆಲಸದ ಮುಕ್ಕಾಲು ಭಾಗ ತೋಟದಲ್ಲೇ ಮುಗಿದಿರಬೇಕು. ಅದಕ್ಕೇ ಇಲ್ಲಿ ಭರಣಿಯ ಮಾತು ತಡವಾಗಿ ಬರುತ್ತದೆ.

ಯಾವ ಹಣ್ಣು? ನಿಮ್ಮ ಮಳೆಯನ್ನು ಕೇಳಿ

ವೈನ್ ಎಂದ ಕೂಡಲೇ ದ್ರಾಕ್ಷಿತೋಟ ಕಣ್ಣಮುಂದೆ ಬರುತ್ತದೆ. ಕರ್ನಾಟಕದಲ್ಲಿ ಆ ಉದ್ಯಮ ಬೆಳೆದದ್ದು ನಂದಿ ಬೆಟ್ಟದ ಸುತ್ತ ಮತ್ತು ಉತ್ತರದ ಒಣ ಜಿಲ್ಲೆಗಳಲ್ಲಿ. 2007ರಲ್ಲಿ ಸರ್ಕಾರ ವೈನ್ ನೀತಿ ತಂದಿತು, ಅದರ ಜೊತೆ ವೈನ್ ಮಂಡಳಿಯೂ ಬಂತು. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರು ಅದನ್ನು ನೋಡಿ ಬಳ್ಳಿ ನೆಡಲು ಹೋಗಬೇಡಿ. ದ್ರಾಕ್ಷಿ ಎಲೆ ಹೆಚ್ಚು ಹೊತ್ತು ಒದ್ದೆಯಾಗಿದ್ದರೆ ಬೂಜುರೋಗ ಖಂಡಿತ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಎಲೆ ಒಣಗುವುದೇ ಅಪರೂಪ, ಅಲ್ವಾ? ಆ ಬಳ್ಳಿಯನ್ನು ಉಳಿಸಲು ನೀವು ಮಳೆಗಾಲವಿಡೀ ಔಷಧಿ ಹೊಡೆಯುತ್ತಾ ಇರಬೇಕಾಗುತ್ತದೆ. ಹಾಗಾದರೆ ಸಾವಯವ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಕುಶಾಲನಗರ, ಶನಿವಾರಸಂತೆ ಕಡೆಯ ಪೂರ್ವದ ಅಂಚಿನಲ್ಲಿ ಮಳೆ ಕಡಿಮೆ. ಅಲ್ಲಿ ಮನೆಮಟ್ಟಕ್ಕೆ ಹತ್ತಿಪ್ಪತ್ತು ಬಳ್ಳಿ ಬೆಳೆಸಬಹುದು. ತಳಿ ಬೆಂಗಳೂರು ಬ್ಲೂ ಆಗಿರಲಿ. ಅದರ ಸಿಪ್ಪೆ ದಪ್ಪ, ರೋಗ ತಡೆಯುವ ಶಕ್ತಿ ಯುರೋಪಿನ ತಳಿಗಳಿಗಿಂತ ಜಾಸ್ತಿ. ಬೆಂಗಳೂರು ಸುತ್ತ ಬೆಳೆಯುವ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅಕ್ಟೋಬರ್ ಮಧ್ಯದಲ್ಲಿ ಮಳೆ ಹಿಂದೆ ಸರಿದ ಮೇಲೆ ಚಾಟನಿ ಮಾಡಿ. ನಾಲ್ಕೈದು ತಿಂಗಳಿಗೆ, ಅಂದರೆ ಫೆಬ್ರವರಿ ಕೊನೆ ಅಥವಾ ಮಾರ್ಚ್ ಹೊತ್ತಿಗೆ ಹಣ್ಣು ಸಿಗುತ್ತದೆ. ಬಯಲುಸೀಮೆಯವರು ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಮಳೆಗಾಲದಲ್ಲಿ ಹಣ್ಣಾಗುವ ಎರಡನೇ ಬೆಳೆಯ ಆಸೆಯನ್ನು ನಾವು ಬಿಟ್ಟುಬಿಡುವುದೇ ಒಳ್ಳೆಯದು.

ಉಳಿದ ಕೊಡಗಿಗೆ ನನ್ನ ಮೊದಲ ಆಯ್ಕೆ ಶರಬತ್ ಹಣ್ಣು, ಅಂದರೆ ಪ್ಯಾಶನ್ ಫ್ರೂಟ್. ಬೇಲಿಗೂ ಹಬ್ಬುತ್ತದೆ, ಹಾಲುವಾಣದ ಮರಕ್ಕೂ ಹಬ್ಬುತ್ತದೆ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ನೇರಳೆ ಬಣ್ಣದ ಜಾತಿ ಮತ್ತು ಹಳದಿ ಜಾತಿಯನ್ನು ಸೇರಿಸಿ ‘ಕಾವೇರಿ’ ಎಂಬ ತಳಿ ಮಾಡಿದ್ದಾರೆ. ಅದು ನಮ್ಮ ನೆಲಕ್ಕೆ ಒಗ್ಗಿದೆ. ಇದಲ್ಲದೆ ಮಳೆ ಶುರುವಾಗುವ ಹೊತ್ತಿಗೆ ನೇರಳೆ ಹಣ್ಣಾಗುತ್ತದೆ, ಚಳಿಗಾಲಕ್ಕೆ ಕಿತ್ತಳೆ ಬರುತ್ತದೆ. ಕಿತ್ತಳೆಯ ವೈನ್ ಮಾತ್ರ ಬೇಗ ಕಹಿಯಾಗುತ್ತದೆ. ಹೊಸಬರು ಅದರಿಂದ ಶುರುಮಾಡಬೇಡಿ.

ಮಣ್ಣು, ಗೊಬ್ಬರ, ಕೊಂಬು

ಸಾವಯವ ಎಂದರೆ ರಾಸಾಯನಿಕ ಗೊಬ್ಬರವಿಲ್ಲ, ಕಳೆನಾಶಕವಿಲ್ಲ, ಕೃತಕ ಕೀಟನಾಶಕವಿಲ್ಲ. ಜೈವಿಕ ಚೈತನ್ಯ ಕೃಷಿ, ಅಂದರೆ ಬಯೋಡೈನಾಮಿಕ್, ಅದರ ಮೇಲೆ ಇನ್ನೊಂದು ಮಾತು ಸೇರಿಸುತ್ತದೆ. ತೋಟವೇ ಒಂದು ಜೀವ. ದನ, ಮರ, ಜೇನು, ಗೊಬ್ಬರದ ಗುಂಡಿ ಎಲ್ಲವೂ ಅದರ ಅಂಗಗಳು, ಹೊರಗಿನಿಂದ ತರುವುದು ಆದಷ್ಟು ಕಡಿಮೆ ಇರಬೇಕು. ರುಡಾಲ್ಫ್ ಸ್ಟೈನರ್ 1924ರಲ್ಲಿ ಕೊಬರ್‌ವಿಟ್ಜ್ ಎಂಬ ಊರಿನಲ್ಲಿ ರೈತರಿಗೆ ಕೊಟ್ಟ ಎಂಟು ಉಪನ್ಯಾಸಗಳಿಂದ ಇದು ಶುರುವಾಯಿತು. ಆ ಊರು ಈಗ ಪೋಲೆಂಡಿನಲ್ಲಿದೆ. ಭಾರತಕ್ಕೆ ಇದನ್ನು 1990ರ ದಶಕದಲ್ಲಿ ಊರೂರು ತಿರುಗಿ ಕಲಿಸಿದವರಲ್ಲಿ ನ್ಯೂಜಿಲೆಂಡಿನ ಪೀಟರ್ ಪ್ರಾಕ್ಟರ್ ಮುಖ್ಯರು. ನೆರಳುಮರದ ಕೆಳಗೆ ಕಾಫಿ, ಮರಕ್ಕೆ ಮೆಣಸು, ಕೊಟ್ಟಿಗೆಯಲ್ಲಿ ದನ ಇರುವ ನಮ್ಮ ಹಳೇ ತೋಟಗಳು ಈ ಯೋಚನೆಗೆ ಆಗಲೇ ಅರ್ಧ ಹತ್ತಿರದಲ್ಲಿವೆ.

ಕೆಲಸ ಹೀಗೆ ಮಾಡಿ. ಮೊದಲು ಕಾಂಪೋಸ್ಟ್. ಕಾಫಿ ಸಿಪ್ಪೆ, ಹಸಿರೆಲೆ, ಒಣಗಿದ ತರಗೆಲೆ, ಸಗಣಿಯನ್ನು ಪದರಪದರವಾಗಿ ಹಾಕಿ. ಮಳೆಯ ನೀರು ನಿಲ್ಲದ ಎತ್ತರದ ಜಾಗ ಆರಿಸಿ, ಮೇಲೆ ಮಾಡು ಇರಲಿ. ನಮ್ಮ ಮಣ್ಣು ಹುಳಿ ಮಣ್ಣು. ಹಾಗಾಗಿ ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟು ಕೃಷಿ ಸುಣ್ಣ ಕೊಡಿ. ಸಾವಯವದಲ್ಲಿ ಅದಕ್ಕೆ ಅಡ್ಡಿಯಿಲ್ಲ.

ಎರಡನೆಯದು ಕೊಂಬಿನ ಗೊಬ್ಬರ, ಅದನ್ನು 500 ಎಂದು ಕರೆಯುತ್ತಾರೆ. ಕರು ಹಾಕಿದ ಹಸುವಿನ ಕೊಂಬಿಗೆ ಹಾಲು ಕೊಡುವ ಹಸುವಿನ ಹಸಿ ಸಗಣಿ ತುಂಬಿ ಮಣ್ಣಿನಲ್ಲಿ ಹೂಳಬೇಕು. ಪುಸ್ತಕದ ಪ್ರಕಾರ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ. ಕೊಡಗಿನಲ್ಲಿ ಸೆಪ್ಟೆಂಬರ್ ಗುಂಡಿಯಲ್ಲಿ ನೀರು ನಿಂತು ಸಗಣಿ ಹಸಿಹಸಿಯಾಗಿಯೇ ಉಳಿಯುತ್ತದೆ. ನಾವು ಕಾವೇರಿ ಸಂಕ್ರಮಣ ಕಳೆದ ಮೇಲೆ, ಅಕ್ಟೋಬರ್ ಮೂರನೇ ವಾರದಲ್ಲಿ ಹೂಳುತ್ತೇವೆ. ಮಾರ್ಚಿನ ಹೂಮಳೆಗೆ ಮುಂಚೆ ತೆಗೆದರೆ ಕಪ್ಪಗೆ, ಪುಡಿಪುಡಿಯಾಗಿ, ಕಾಡಿನ ಮಣ್ಣಿನ ವಾಸನೆ ಬರುತ್ತದೆ. ಇನ್ನೂ ಸಗಣಿ ವಾಸನೆ ಇದ್ದರೆ ಅದು ಆಗಿಲ್ಲ ಎಂದೇ ಅರ್ಥ. ಎಕರೆಗೆ 25ರಿಂದ 30 ಗ್ರಾಂ ತೆಗೆದುಕೊಂಡು 13ರಿಂದ 15 ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ಕಲಕಬೇಕು. ಒಂದು ದಿಕ್ಕಿಗೆ ಸುಳಿ ಏಳುವವರೆಗೆ ತಿರುಗಿಸಿ, ಆಮೇಲೆ ಎದುರು ದಿಕ್ಕಿಗೆ. ಸಂಜೆ, ನೆಲ ಹಸಿಯಾಗಿರುವಾಗ, ದೊಡ್ಡ ಹನಿಗಳಾಗಿ ಚಿಮುಕಿಸಿ. ನೀರಿಗೆ ಕ್ಲೋರಿನ್ ಬೇಡ. ಬಾವಿ ಅಥವಾ ಮಳೆಯ ನೀರು ಆಗಬಹುದು.

501 ಎಂದರೆ ಸ್ಫಟಿಕದ ಕಲ್ಲಿನ ಪುಡಿ. ಎಕರೆಗೆ ಒಂದೇ ಗ್ರಾಂ, ಬೆಳಿಗ್ಗೆ ಎಲೆಯ ಮೇಲೆ ಮಂಜಿನ ಹಾಗೆ ಸಿಂಪಡಿಸಬೇಕು. 502ರಿಂದ 507ರವರೆಗಿನವು ಕಾಂಪೋಸ್ಟಿಗೆ ಸೇರಿಸುವ ಮೂಲಿಕೆಗಳು. ಇವು ಯುರೋಪಿನ ಗಿಡಗಳು, ಸಿದ್ಧವಾಗಿಯೇ ತರಿಸಿಕೊಳ್ಳಿ.

ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಥೆರ್ವಿಲ್‌ನಲ್ಲಿ 1978ರಿಂದ ರಾಸಾಯನಿಕ, ಸಾವಯವ, ಬಯೋಡೈನಾಮಿಕ್ ಬೇಸಾಯವನ್ನು ಅಕ್ಕಪಕ್ಕದಲ್ಲೇ ನಡೆಸಿ ಹೋಲಿಸುತ್ತಿದ್ದಾರೆ. ಮೊದಲ 21 ವರ್ಷಗಳ ಲೆಕ್ಕದಲ್ಲಿ ಸಾವಯವ ಬಗೆಗಳ ಇಳುವರಿ ಸುಮಾರು ಶೇ 20 ಕಡಿಮೆ ಇತ್ತು. ಆದರೆ ಮಣ್ಣಿನಲ್ಲಿ ಎರೆಹುಳು ಮತ್ತು ಸೂಕ್ಷ್ಮಜೀವಿಗಳು ಜಾಸ್ತಿ ಇದ್ದವು. ಕಾಂಪೋಸ್ಟ್ ಮಣ್ಣನ್ನು ಬದಲಿಸುತ್ತದೆ, ಇದರಲ್ಲಿ ಅನುಮಾನವಿಲ್ಲ. ಕೊಂಬಿಗೂ, ಬಯೋಡೈನಾಮಿಕ್‌ನವರು ತೋಟದ ಕೆಲಸಕ್ಕೆ ನೋಡುವ ಚಂದ್ರನ ಪಂಚಾಂಗಕ್ಕೂ ಅಷ್ಟು ಗಟ್ಟಿ ಪುರಾವೆ ಇಲ್ಲ. ಆದರೂ ನಾನು ಕೊಂಬು ಹೂಳುತ್ತೇನೆ. ಒಂದು ಗಂಟೆ ಕಲಕಿ, ಇಡೀ ತೋಟ ನಡೆದು ಚಿಮುಕಿಸುವಾಗ ಯಾವ ಬಳ್ಳಿಗೆ ಏನಾಗಿದೆ ಎಂದು ಕಣ್ಣಿಗೆ ಬೀಳುತ್ತದೆ. ಹುಣ್ಣಿಮೆ ನೋಡಿ ಪುತ್ತರಿಯಲ್ಲಿ ಕದಿರು ತೆಗೆಯುವ ನಾಡಿನವರಿಗೆ ಚಂದ್ರನ ಲೆಕ್ಕ ಅಪರಿಚಿತವೂ ಅಲ್ಲ. ಆದರೆ ಸಮಯ, ಹಣ ಎರಡೂ ಕಡಿಮೆ ಇದ್ದರೆ ಮೊದಲು ಕಾಂಪೋಸ್ಟಿಗೇ ಹಾಕಿ.

ಮೈಲುತುತ್ತದ ವಿಷಯ

ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಗೊತ್ತಿಲ್ಲದ ಬೆಳೆಗಾರರು ಕೊಡಗಿನಲ್ಲಿಲ್ಲ. ಕಾಫಿ, ಮೆಣಸು, ಅಡಿಕೆ ಎಲ್ಲಕ್ಕೂ ಅದೇ. ಅದು ಹುಟ್ಟಿದ್ದೇ ದ್ರಾಕ್ಷಿತೋಟದಲ್ಲಿ. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ದ್ರಾಕ್ಷಿಯ ಬೂಜುರೋಗಕ್ಕೆಂದು 1885ರಲ್ಲಿ ಪ್ರಕಟಿಸಿದ ಮದ್ದು ಅದು. ಸಾವಯವದಲ್ಲಿ ಅದಕ್ಕೆ ಅನುಮತಿ ಇದೆ. ಆದರೆ ಎಷ್ಟು ಬೇಕಾದರೂ ಹೊಡೆಯಬಹುದು ಎಂದಲ್ಲ. ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ, ಎರೆಹುಳುವಿಗೆ ಅದು ವಿಷ. ಯುರೋಪಿನಲ್ಲಿ ಹೆಕ್ಟೇರಿಗೆ ಏಳು ವರ್ಷಕ್ಕೆ ಒಟ್ಟು 28 ಕಿಲೋ ತಾಮ್ರ, ಅಂದರೆ ವರ್ಷಕ್ಕೆ ಸರಾಸರಿ 4 ಕಿಲೋ ಮಿತಿ ಇಟ್ಟಿದ್ದಾರೆ. ಲೆಕ್ಕ ಹಾಕಿ ನೋಡಿ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಶೇ 1ರ ದ್ರಾವಣವನ್ನು ಹೆಕ್ಟೇರಿಗೆ 1000 ಲೀಟರ್ ಹೊಡೆದರೆ ಒಂದೇ ಸಲಕ್ಕೆ ಎರಡೂವರೆ ಕಿಲೋ ತಾಮ್ರ ಬಿತ್ತು. ಎರಡನೇ ಸುತ್ತಿಗೇ ಮಿತಿ ದಾಟುತ್ತದೆ.

ಹಣ್ಣು ಕೊಯ್ಯುವ ಒಂದು ತಿಂಗಳ ಮುಂಚೆಯೇ ತಾಮ್ರ, ಗಂಧಕ ಎರಡನ್ನೂ ನಿಲ್ಲಿಸಿ. ಹಣ್ಣಿನ ಮೇಲೆ ಉಳಿದ ತಾಮ್ರ ಯೀಸ್ಟಿನ ಕೆಲಸ ಕೆಡಿಸುತ್ತದೆ. ಗಂಧಕ ಉಳಿದರೆ ವೈನಿಗೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪಕ್ಕದ ತೋಟದಿಂದ ಔಷಧಿ ತೇಲಿ ಬರುವ ಭಯವಿದ್ದರೆ ಗಡಿಯಲ್ಲಿ ದಟ್ಟ ಬೇಲಿ ಬೆಳೆಸಿ. ಆ ಸಾಲಿನ ಹಣ್ಣನ್ನು ವೈನಿಗೆ ಬಳಸಬೇಡಿ.

ಕೊಯ್ಲು ಮತ್ತು ಹುದುಗು

ಶರಬತ್ ಹಣ್ಣು ಪೂರ್ತಿ ಹಣ್ಣಾದಾಗ ತಾನಾಗಿ ಉದುರುತ್ತದೆ. ದಿನಾ ಬೆಳಿಗ್ಗೆ ಮಂಗಗಳಿಗಿಂತ ಮುಂಚೆ ಆರಿಸಿಕೊಳ್ಳಿ. ಸಿಪ್ಪೆ ಸ್ವಲ್ಪ ಸುಕ್ಕಾಗುವವರೆಗೆ ಎರಡು ದಿನ ಇಟ್ಟರೆ ರುಚಿ ಹೆಚ್ಚುತ್ತದೆ. ದ್ರಾಕ್ಷಿಯನ್ನು ಬಣ್ಣ ನೋಡಿ ಕೊಯ್ಯಬೇಡಿ. ಬೆಂಗಳೂರು ಬ್ಲೂ ಹಣ್ಣಾಗುವ ಮುಂಚೆಯೇ ಕಪ್ಪಾಗುತ್ತದೆ. ಬೀಜ ಕಚ್ಚಿ ನೋಡಿ. ಹಸಿರು ಹೋಗಿ ಕಂದು ಬಂದಿರಬೇಕು. ಬೆಳಗಿನ ತಂಪಿನಲ್ಲಿ, ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಬೂಜು ಹಿಡಿದ, ಒಡೆದ, ಹುಳಿವಾಸನೆಯ ಒಂದೊಂದು ಹಣ್ಣನ್ನೂ ಕೈಯಾರೆ ತೆಗೆಯಿರಿ. ಮನೆಮಂದಿ ಎಲ್ಲ ಕೂತು ಮಾಡುವ ಕೆಲಸ ಇದು. ಇಲ್ಲಿ ಸೋಮಾರಿತನ ತೋರಿಸಿದರೆ ಆಮೇಲೆ ಸರಿಮಾಡಲು ಆಗುವುದಿಲ್ಲ.

ಈಗ ಯೀಸ್ಟ್. ಅಂಗಡಿಯ ಬ್ರೆಡ್ ಯೀಸ್ಟ್ ಹಾಕಿದರೆ ಗುಳ್ಳೆ ಜೋರಾಗಿ ಬರುತ್ತದೆ. ಆದರೆ ವೈನಿನಲ್ಲಿ ಬ್ರೆಡ್ಡಿನ ವಾಸನೆ ಉಳಿಯುತ್ತದೆ, ಗಸಿಯೂ ಸರಿಯಾಗಿ ಕೂರುವುದಿಲ್ಲ. ಔಷಧಿ ಹೊಡೆಯದ ಹಣ್ಣಿನ ಸಿಪ್ಪೆಯ ಮೇಲೆಯೇ ಯೀಸ್ಟ್ ಇರುತ್ತದೆ. ಅದನ್ನು ಸುಮ್ನೆ ನಂಬಿಬಿಡಬೇಡಿ, ಪರೀಕ್ಷೆ ಮಾಡಿ. ದೊಡ್ಡ ಕೊಯ್ಲಿಗೆ ನಾಲ್ಕೈದು ದಿನ ಮುಂಚೆ ಒಂದು ಕಿಲೋ ಒಳ್ಳೆಯ ಹಣ್ಣು ತೆಗೆದು, ಕಿವುಚಿ, ಮೂರು ಗಾಜಿನ ಜಾಡಿಗಳಿಗೆ ಹಂಚಿ. ತೆಳು ಬಟ್ಟೆ ಕಟ್ಟಿ ಒಲೆಯ ಹತ್ತಿರದ ಬೆಚ್ಚಗಿನ ಜಾಗದಲ್ಲಿಡಿ. ದಿನಾ ಎರಡು ಸಲ ಕಲಕಿ. ಮೂರನೇ ದಿನ ನೊರೆ ಬರುತ್ತದೆ. ಪ್ರತಿಯೊಂದನ್ನೂ ಮೂಸಿ ನೋಡಿ. ಹಣ್ಣಿನ ಘಮ ಇದ್ದರೆ ಇಟ್ಟುಕೊಳ್ಳಿ. ಉಗುರುಬಣ್ಣದ ವಾಸನೆ ಅಥವಾ ವಿನೆಗರ್ ವಾಸನೆ ಬಂದದ್ದನ್ನು ಚೆಲ್ಲಿ. ಒಳ್ಳೆಯ ಜಾಡಿಯೇ ನಿಮ್ಮ ಹುದುಗು, ಮೊಸರಿಗೆ ಹೆಪ್ಪು ಇದ್ದ ಹಾಗೆ. ಮೂರೂ ಕೆಟ್ಟರೆ ವೈನ್ ಯೀಸ್ಟ್ ಪೊಟ್ಟಣ ತಂದು ಹಾಕಿ. ಅದರಲ್ಲಿ ಸಂಕೋಚ ಬೇಡ, ಸಾವಯವ ವೈನ್ ಮಾಡುವವರೂ ಅದನ್ನು ಬಳಸುತ್ತಾರೆ.

ಸಕ್ಕರೆಯ ಲೆಕ್ಕ

ಹಣ್ಣಿನಷ್ಟೇ ಸಕ್ಕರೆ ಎಂಬ ಮಾತನ್ನು ಬಿಟ್ಟುಬಿಡಿ. ನಮ್ಮ ಹೋಮ್ ವೈನ್ ಪಾನಕದ ಹಾಗೆ ಸಿಹಿಯಾಗಲು ಅದೇ ಕಾರಣ. ಅತಿ ಸಕ್ಕರೆಯಲ್ಲಿ ಯೀಸ್ಟ್ ಸುಸ್ತಾಗಿ ಅರ್ಧಕ್ಕೆ ನಿಲ್ಲುತ್ತದೆ.

ಸೂತ್ರ ಸುಲಭ. ಒಂದು ಲೀಟರಿನಲ್ಲಿ 17 ಗ್ರಾಂ ಸಕ್ಕರೆ ಕರಗಿ ಹುದುಗಿದರೆ ಶೇ 1ರಷ್ಟು ಆಲ್ಕೋಹಾಲ್ ಆಗುತ್ತದೆ. ನಮಗೆ ಶೇ 11 ಬೇಕು, ಅಂದರೆ ಲೀಟರಿಗೆ 190 ಗ್ರಾಂ ಹತ್ತಿರ. ಅಳೆಯಲು ಹೈಡ್ರೋಮೀಟರ್ ಕೊಳ್ಳಿ. ಡೈರಿಯಲ್ಲಿ ಹಾಲಿಗೆ ಬಿಡುವ ಲ್ಯಾಕ್ಟೋಮೀಟರಿನ ಜಾತಿಯದೇ, ಅಳತೆ ಮಾತ್ರ ಬೇರೆ.

ಬೆಂಗಳೂರು ಬ್ಲೂ 10 ಕಿಲೋ ಕಿವುಚಿದರೆ ಸುಮಾರು 6 ಲೀಟರ್ ರಸ. ಚೆನ್ನಾಗಿ ಹಣ್ಣಾಗಿದ್ದರೆ ಅದರಲ್ಲೇ ಶೇ 9ಕ್ಕೆ ಸಾಕಾಗುವ ಸಕ್ಕರೆ ಇರುತ್ತದೆ. ಉಳಿದ ಶೇ 2ಕ್ಕೆ ಲೀಟರಿಗೆ 34 ಗ್ರಾಂ, ಒಟ್ಟು 200 ಗ್ರಾಂ ಸಾಕು. ಹತ್ತು ಕಿಲೋ ಅಲ್ಲ!

ಶರಬತ್ ಹಣ್ಣಿನ ಕಥೆ ಬೇರೆ. ಅದರ ತಿರುಳು ಭಾರೀ ಹುಳಿ, ನೀರು ಬೆರೆಸಲೇಬೇಕು. ಬೀಜ ಸೋಸಿದ ಒಂದು ಲೀಟರ್ ತಿರುಳಿಗೆ ಮೂರೂವರೆ ಲೀಟರ್ ನೀರು, 850 ಗ್ರಾಂ ಸಕ್ಕರೆ. ಸಕ್ಕರೆ ಕರಗಿದ ಮೇಲೆ ಒಟ್ಟು ಐದು ಲೀಟರ್ ಆಗುತ್ತದೆ. ಬೀಜವನ್ನು ಮಿಕ್ಸಿಗೆ ಹಾಕಬೇಡಿ, ಕಹಿ ಬಿಡುತ್ತದೆ. ನೀರು ಬೆರೆತದ್ದರಿಂದ ಯೀಸ್ಟಿಗೆ ಆಹಾರ ಕಡಿಮೆಯಾಗುತ್ತದೆ. ಅದಕ್ಕೆ ಅವ್ವನ ಗೋಧಿ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಐದು ಲೀಟರಿಗೆ ಒಂದು ಸಣ್ಣ ಹಿಡಿ ಸಾಕು. ದ್ರಾಕ್ಷಿಗೆ ಅದರ ಅಗತ್ಯವಿಲ್ಲ.

ಸಕ್ಕರೆ ಕೊಳ್ಳುವಾಗ ಒಂದು ವಿಷಯ ನೋಡಿ. ನಮ್ಮ ದೇಶದ ಸಾಮಾನ್ಯ ಬಿಳಿ ಸಕ್ಕರೆಯನ್ನು ಹೆಚ್ಚಾಗಿ ಗಂಧಕದ ಹೊಗೆಯಿಂದ ಬಿಳಿಮಾಡಿರುತ್ತಾರೆ. ಗಂಧಕವಿಲ್ಲದ ಸಕ್ಕರೆ ಅಥವಾ ಸಾವಯವ ಸಕ್ಕರೆ ಸಿಗುತ್ತದೆ, ಅದನ್ನೇ ತನ್ನಿ. ಬೆಲ್ಲ ಹಾಕಿದರೆ ಬೆಲ್ಲದ ರುಚಿಯೇ ಗೆಲ್ಲುತ್ತದೆ.

ಭರಣಿಯಲ್ಲಿ

ಪಾತ್ರೆ ಗಾಜು, ಸ್ಟೀಲ್ ಅಥವಾ ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಆಗಿರಲಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಕಬ್ಬಿಣ ಬೇಡವೇ ಬೇಡ. ಅಜ್ಜಿಯ ಕಾಲದ ಪಿಂಗಾಣಿ ಭರಣಿಯ ಮೇಲೆ ಪ್ರೀತಿ ಇರಬಹುದು. ಆದರೆ ಹಳೆಯ ಮೆರುಗಿನಲ್ಲಿ ಸೀಸ ಇರುವ ಸಾಧ್ಯತೆ ಇದೆ, ವೈನಿನ ಹುಳಿ ಅದನ್ನು ಬಿಡಿಸುತ್ತದೆ. ಅದನ್ನು ನೋಡಲು ಇಟ್ಟುಕೊಳ್ಳಿ. ಎಲ್ಲ ಪಾತ್ರೆ, ಸೌಟು, ಬಟ್ಟೆಯನ್ನು ಸೋಪಿನಲ್ಲಿ ತೊಳೆದು ಕುದಿಯುವ ನೀರಿನಲ್ಲಿ ಅದ್ದಿ. ಗಾಜಿಗೆ ಮೊದಲು ಬೆಚ್ಚಗಿನ ನೀರು, ಇಲ್ಲದಿದ್ದರೆ ಸೀಳುತ್ತದೆ.

ಪಾತ್ರೆಯ ಕಾಲು ಭಾಗ ಖಾಲಿ ಬಿಡಿ. ದ್ರಾಕ್ಷಿಯಾದರೆ ಸಿಪ್ಪೆ ಸಮೇತ ಹಾಕಿ, ಹುದುಗು ಸೇರಿಸಿ, ಬಟ್ಟೆ ಕಟ್ಟಿ. ಸಿಪ್ಪೆ ಮೇಲೆ ತೇಲಿ ಗಟ್ಟಿ ಪದರ ಆಗುತ್ತದೆ. ದಿನಕ್ಕೆ ಮೂರು ಸಲ ಅದನ್ನು ಒಳಗೆ ಮುಳುಗಿಸಿ, ಇಲ್ಲದಿದ್ದರೆ ಬೂಜು ಬರುತ್ತದೆ. ಕೋಣೆಯ ಬಿಸಿ 20ರಿಂದ 25 ಡಿಗ್ರಿ ಇದ್ದರೆ ಚೆಂದ. ಡಿಸೆಂಬರಿನ ರಾತ್ರಿಗಳಲ್ಲಿ ಕಂಬಳಿ ಸುತ್ತಿ. ಆರೇಳು ದಿನಕ್ಕೆ ಬಟ್ಟೆಯಲ್ಲಿ ಹಿಂಡಿ, ರಸವನ್ನು ಬಾಯಿ ಸಣ್ಣದಿರುವ ಗಾಜಿನ ಜಾಡಿಗೆ ತುಂಬಿ, ಗಾಳಿಬೀಗ ಹಾಕಿ. ಗಾಳಿಬೀಗ ಎಂದರೆ ಒಳಗಿನ ಗಾಳಿ ನೀರಿನ ಮೂಲಕ ಹೊರಗೆ ಹೋಗುವ, ಹೊರಗಿನದು ಒಳಗೆ ಬಾರದ ಕೊಳವೆ. ಮುಚ್ಚಳವನ್ನು ಬಿಗಿಯಾಗಿ ಮುಚ್ಚಿಬಿಡಬೇಡಿ. 180 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 45 ಲೀಟರ್ ಅನಿಲ ಬರುತ್ತದೆ. ಜಾಡಿ ಸಿಡಿಯುತ್ತದೆ.

ಮೂರು ನಾಲ್ಕು ವಾರಕ್ಕೆ ಗುಳ್ಳೆ ನಿಲ್ಲುತ್ತದೆ. ತಳದ ಗಸಿ ಅಲುಗಾಡದ ಹಾಗೆ ಸಣ್ಣ ಪೈಪಿನಿಂದ ತಿಳಿಯನ್ನು ಬೇರೆ ಜಾಡಿಗೆ ಇಳಿಸಿ. ಜಾಡಿ ಕತ್ತಿನವರೆಗೆ ತುಂಬಿರಬೇಕು. ಒಂದು ವರ್ಷ ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಅರ್ಧ ತುಂಬಿದ ಜಾಡಿಯನ್ನು ಹಾಗೇ ಬಿಟ್ಟಿದ್ದೆ. ಗಾಳಿಬೀಗದ ನೀರು ಆರಿಹೋಗಿತ್ತು, ಹಣ್ಣುನೊಣ ಹೊಕ್ಕಿತ್ತು. ಹನ್ನೆರಡು ಲೀಟರ್ ಶರಬತ್ ವೈನ್ ಪೂರ್ತಿ ವಿನೆಗರ್ ಆಯಿತು. ಅಂದಿನಿಂದ ಉಳಿದ ಚೂರುಪಾರು ವೈನಿಗೆಂದು ಅರ್ಧ ಲೀಟರಿನ, ಒಂದು ಲೀಟರಿನ ಸಣ್ಣ ಬಾಟಲಿಗಳನ್ನು ಇಟ್ಟುಕೊಂಡಿದ್ದೇನೆ. ಮೇಲೆ ಬಿಳಿ ಪೊರೆ ಕಂಡರೆ ಅದೂ ಗಾಳಿಯ ಗುರುತೇ. ಕೂಡಲೇ ಪೊರೆ ತೆಗೆದು ತುಂಬಿಸಿ.

ಎರಡು ಮೂರು ತಿಂಗಳಿಗೆ ಇನ್ನೊಮ್ಮೆ ತಿಳಿ ಇಳಿಸಿ. ತಿಳಿಯಾಗದಿದ್ದರೆ ದ್ರಾಕ್ಷಿ ವೈನಿಗೆ ಮೊಟ್ಟೆಯ ಬಿಳಿ ಹಾಕಬಹುದು. ಬೋರ್ಡೋದವರು 225 ಲೀಟರಿನ ಪೀಪಾಯಿಗೆ ಹಾಕುವುದೇ ನಾಲ್ಕೈದು ಮೊಟ್ಟೆ. ನಿಮ್ಮ 20 ಲೀಟರಿಗೆ ಅರ್ಧ ಮೊಟ್ಟೆಯ ಬಿಳಿ ಸಾಕು.

ಇನ್ನು ವೈನ್ ಕೆಡದ ಹಾಗೆ ಹಾಕುವ ಗಂಧಕದ ಪ್ರಶ್ನೆ. ಯುರೋಪಿನ 2012ರ ನಿಯಮದಂತೆ ಸಾವಯವ ಕೆಂಪು ವೈನಿಗೆ ಲೀಟರಿಗೆ 100 ಮಿಲಿಗ್ರಾಂ, ಬಿಳಿಗೆ 150 ಮಿಲಿಗ್ರಾಂವರೆಗೆ ಗಂಧಕದ ಡೈಆಕ್ಸೈಡ್ ಇರಬಹುದು. ಸಕ್ಕರೆ ಉಳಿದಿರದ ವೈನಿನ ಮಾತು ಇದು. ಅಮೆರಿಕದಲ್ಲಿ ‘ಸಾವಯವ ವೈನ್’ ಎಂದು ಬರೆಯಬೇಕಾದರೆ ಸೇರಿಸಲೇಬಾರದು. ಆರು ತಿಂಗಳೊಳಗೆ ಮನೆಯಲ್ಲೇ ಮುಗಿಯುವ ವೈನಿಗೆ ನಾನು ಹಾಕುವುದಿಲ್ಲ. ವರ್ಷ ಇಡಬೇಕೆಂದರೆ 10 ಲೀಟರಿಗೆ ಒಂದು ಗ್ರಾಂ ಪೊಟ್ಯಾಶಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಗಂಧಕದ ಡೈಆಕ್ಸೈಡ್ ಲೀಟರಿಗೆ 50 ಮಿಲಿಗ್ರಾಂ ಹತ್ತಿರ ಬರುತ್ತದೆ. ಹಾಕಿದರೆ ಚೀಟಿಯಲ್ಲಿ ಬರೆಯಿರಿ, ಉಬ್ಬಸ ಇರುವ ಕೆಲವರಿಗೆ ಅದು ಆಗುವುದಿಲ್ಲ.

ಬಾಟಲಿ, ಚೀಟಿ, ಕಾನೂನು

ಹೈಡ್ರೋಮೀಟರ್ 1.000ಕ್ಕಿಂತ (ಬರೀ ನೀರಿನ ಅಳತೆ ಅದು) ಕೆಳಗೆ ಇಳಿದು ಮೂರು ವಾರ ಅಲ್ಲಾಡದೆ ನಿಂತರೆ ಮಾತ್ರ ಬಾಟಲಿಗೆ ತುಂಬಿ. ಸಿಹಿ ಬೇಕಾದವರಿಗೆ ಲೋಟದಲ್ಲಿ ಜೇನು ಬೆರೆಸಿ ಕೊಡಿ. ಬಾಟಲಿಗೆ ಸಕ್ಕರೆ ಹಾಕಿ ಮುಚ್ಚಿದರೆ ಮತ್ತೆ ಹುದುಗಿ ಒಡೆಯುತ್ತದೆ. ಯಾವ ಕಾರಣಕ್ಕೂ ವೈನನ್ನು ಭಟ್ಟಿ ಇಳಿಸಬೇಡಿ. ಹಣ್ಣಿನ ವೈನಿನಲ್ಲಿರುವ ಚೂರು ಮೆಥನಾಲ್ ಹಾಗೇ ಇದ್ದರೆ ತೊಂದರೆಯಿಲ್ಲ, ಭಟ್ಟಿಯಲ್ಲಿ ಅದು ಒಂದೆಡೆ ಸೇರಿ ಅಪಾಯವಾಗುತ್ತದೆ.

ಕಾನೂನಿನ ಕಣ್ಣಿನಲ್ಲಿ ವೈನೂ ಮದ್ಯವೇ. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಮದ್ಯ ತಯಾರಿಸಲು, ಮಾರಲು ಪರವಾನಗಿ ಬೇಕು. ಊರಲ್ಲಿ ಎಲ್ಲರೂ ಮಾಡುತ್ತಾರೆ ಎಂಬುದು ಪರವಾನಗಿ ಅಲ್ಲ. ಮೊದಲ ಭರಣಿ ಇಡುವ ಮುಂಚೆಯೇ ಅಬಕಾರಿ ಕಚೇರಿಗೆ ಹೋಗಿ ಕೇಳಿ. ಹೋಮ್‌ಸ್ಟೇ ಇರುವವರಂತೂ ಖಂಡಿತ ಕೇಳಬೇಕು. ಮಾರುವ ಬಾಟಲಿಯ ಮೇಲೆ ‘ಸಾವಯವ’ ಎಂದು ಬರೆಯಲೂ ಪ್ರಮಾಣಪತ್ರ ಬೇಕು. ರಾಷ್ಟ್ರೀಯ ಸಾವಯವ ಕಾರ್ಯಕ್ರಮದಲ್ಲಿ ಬಹುವಾರ್ಷಿಕ ಬೆಳೆಗೆ ಮೂರು ವರ್ಷದ ಪರಿವರ್ತನೆ ಅವಧಿ ಇದೆ. ಹಣ ಕಡಿಮೆ ಇರುವ ಸಣ್ಣ ಕುಟುಂಬಗಳು ಗುಂಪು ಮಾಡಿಕೊಂಡು ಪಿಜಿಎಸ್ ದಾರಿಯಲ್ಲಿ, ಅಂದರೆ ರೈತರೇ ಒಬ್ಬರ ತೋಟಕ್ಕೆ ಇನ್ನೊಬ್ಬರು ಖಾತರಿ ಕೊಡುವ ದಾರಿಯಲ್ಲಿ, ಹೋಗಬಹುದು. ಡಿಮೀಟರ್ ಎಂಬುದು ಬಯೋಡೈನಾಮಿಕ್‌ನ ನೋಂದಾಯಿತ ಗುರುತು, ಅನುಮತಿ ಇಲ್ಲದೆ ಬಳಸುವಂತಿಲ್ಲ.

ಉಳಿದ ಸಿಪ್ಪೆ

ಹಿಂಡಿದ ಸಿಪ್ಪೆ, ಬೀಜ, ಗಸಿಯನ್ನು ಚರಂಡಿಗೆ ಹಾಕಬೇಡಿ. ದನಕ್ಕೂ ಕೊಡಬೇಡಿ, ಅದರಲ್ಲಿ ಆಲ್ಕೋಹಾಲ್ ಇರುತ್ತದೆ. ಎರಡು ದಿನ ಬಿಸಿಲಿಗೆ ಹರಡಿ ಆರಲು ಬಿಡಿ. ಹುಳಿ ಜಾಸ್ತಿ ಇರುವುದರಿಂದ ಒಂದು ಬುಟ್ಟಿಗೆ ಒಂದು ಹಿಡಿ ಸುಣ್ಣ ಅಥವಾ ಪುಡಿಮಾಡಿದ ಮೊಟ್ಟೆ ಚಿಪ್ಪು ಬೆರೆಸಿ. ಆಮೇಲೆ ಸಗಣಿ, ತರಗೆಲೆಯ ನಡುವೆ ತೆಳು ಪದರವಾಗಿ ಕಾಂಪೋಸ್ಟ್ ಗುಂಡಿಗೆ ಹಾಕಿ. ಮಾರ್ಚಿನಲ್ಲಿ ಹಾಕಿದ್ದು ಮಳೆ ಬಿಡುವ ಹೊತ್ತಿಗೆ ಕಪ್ಪು ಗೊಬ್ಬರವಾಗಿರುತ್ತದೆ. ಅಕ್ಟೋಬರಿನಲ್ಲಿ ಚಾಟನಿ ಮುಗಿಸಿದ ದಿನವೇ ಅದನ್ನು ಬಳ್ಳಿಯ ಬುಡಕ್ಕೆ, ಒಂದಡಿ ದೂರ ಬಿಟ್ಟು ಸುತ್ತ ಹಾಕಿ ಮಣ್ಣು ಮುಚ್ಚಿ.